ಮಿಸ್‌ಗೆ ಇನ್ನೊಂದು ಲೋನ್

"ಹೂಂ ಅಮ್ಮಾ, ಇದೇ ಕಡೇ ವರ್ಷ! ಲೋನ್ ತೀರಿತು ಅಂದ್ರೆ ಮಧುಗಿರಿಗೇ ಬಂದ್ಬಿಡ್ತೀನಿ!"

ಶಾಲೆಯ ಹಿಂದಿನ ಬಂಡೆಯ ಮೇಲೆ ನಿಂತು ಅಶ್ವಿನಿ ಮಿಸ್ ಫೋನಿನಲ್ಲಿ ಕೂಗುತ್ತಿದ್ದರು. ಬುಕ್ಕಾಪಟ್ಟಣದಿಂದಾಚೆಯ ಆ ಹಟ್ಟಿಯಲ್ಲಿ ನೆಟ್‌ವರ್ಕ್ ಸಿಗುವುದು ಆ ಬಂಡೆಯ ಮೇಲೆ ಮಾತ್ರ. ಹಾಗಾಗಿ ಊರಲ್ಲಿ ಯಾರ ಫೋನ್ ಮಾತೂ ಗುಟ್ಟಾಗಿ ಉಳಿಯುತ್ತಿರಲಿಲ್ಲ.

ಬಂಡೆಯ ಕೆಳಗೆ ಊಟದ ತಟ್ಟೆ ತೊಳೆಯುತ್ತಿದ್ದ ಐದನೇ ಕ್ಲಾಸಿನ ಚಿತ್ರಾ ಗಾಬರಿಯಾದಳು. ಪಕ್ಕದಲ್ಲಿದ್ದ ಜಯರಾಮುವನ್ನು ತಿವಿದಳು.

"ಕೇಳುಸ್ತೇನೋ? ಮಿಸ್ ಹೋಯ್ತಾರಂತೆ!"

"ಲೋನ್ ತೀರಿದ್ರೆ ಯಾಕೆ ಹೋಗ್ಬೇಕು?"

ಇಬ್ಬರೂ ಹೆಡ್‌ಮಾಸ್ಟರ್ ರೇಣುಕಯ್ಯನವರ ಹತ್ತಿರ ಓಡಿದರು. ಅವರು ಬಿಸಿಯೂಟದ ಮೊಟ್ಟೆ ಎಣಿಸುತ್ತಿದ್ದರು.

"ಲೆಕ್ಕ ತಪ್ಪಿಸಿದ್ರಲ್ರೋ!" ಎಂದು ಗದರಿ, ಆಮೇಲೆ ಹೇಳಿದರು: "ಮಿಸ್ಸು ಬ್ಯಾಂಕಲ್ಲಿ ಸಾಲ ಮಾಡಿ ಓದಿದ್ದು. ಯಾರೂ ಬರದೇ ಇರೋ ನಮ್ಮಂಥ ಸ್ಕೂಲಿಗೆ ಬಂದು ಪಾಠ ಮಾಡಿದ್ರೆ, ಒಂದು ಟ್ರಸ್ಟ್‌ನೋರು ಆ ಸಾಲ ಕಟ್ತಾರೆ. ಇಲ್ದಿದ್ರೆ ಇಲ್ಲಿಗೆ ಯಾರು ಬರ್ತಾರೆ? ಹಿಂದೆ ಬಂದಿದ್ದ ಮೇಷ್ಟ್ರು ಬ್ಯಾಗೂ ಇಳಿಸ್ದೆ ಅದೇ ಬಸ್ಸಲ್ಲಿ ವಾಪಸ್ ಹೋದ್ರು."

ಚಿತ್ರಾಳಿಗೆ ಮಿಸ್ ಬರುವ ಮೊದಲಿನ ಶಾಲೆ ಚೆನ್ನಾಗಿ ನೆನಪಿತ್ತು. ರೇಣುಕಯ್ಯ ಮೇಷ್ಟ್ರು ಒಬ್ಬರೇ ಬೋರ್ಡಿನ ಈ ಕಡೆ ಕನ್ನಡ, ಆ ಕಡೆ ಲೆಕ್ಕ ಬರೆದು ಓಡಾಡುತ್ತಿದ್ದರು. ಮಿಸ್ ಬಂದು ರಾಗಿಮುದ್ದೆ ಮುರಿದು ತೋರಿಸಿದ ಮೇಲೇ ಅವಳಿಗೆ ಭಿನ್ನರಾಶಿ ಅರ್ಥವಾಗಿದ್ದು.

"ಲೋನ್ ತೀರಿದ್ರೆ ತಾನೇ ಹೋಗಾದು?" ಎಂದಳು ಚಿತ್ರಾ. "ಇನ್ನೊಂದು ಕೊಡ್ಸಿದ್ರೆ?"

ಜಯರಾಮು ಬಾಯಿ ಬಿಟ್ಟುಕೊಂಡು ನೋಡಿದ. "ಯಪ್ಪಾ! ಏನ್ ತಲೆ ಕಣೆ ನಿಂದು!"

ಚಿತ್ರಾಳ ಅಜ್ಜಿ ನಾಗಕ್ಕ ಮಹಿಳಾ ಸಂಘದ ಅಧ್ಯಕ್ಷೆ. ಸಂಜೆ ಅಜ್ಜಿಯ ಕಾಲು ಒತ್ತುತ್ತಾ ಚಿತ್ರಾ ಮಾತು ತೆಗೆದಳು.

"ಅಜ್ಜೀ, ನಮ್ ಮಿಸ್‌ಗೆ ಸಂಘದಿಂದ ಒಂದ್ ಲೋನ್ ಕೊಡು."

"ಯಾಕವ್ವಾ? ಏನ್ ಕಷ್ಟ ಬಂತಂತೆ?"

"ಕಷ್ಟ ಏನಿಲ್ಲ. ಅವ್ರು... ಕುರಿ ಸಾಕ್ತಾರಂತೆ."

ಸುಳ್ಳು ತಾನಾಗಿ ಬಾಯಿಂದ ಜಾರಿಬಿಟ್ಟಿತು. ನಾಗಕ್ಕನ ಮುಖ ಅರಳಿತು. "ಅಷ್ಟು ಓದಿದ್ರೂ ಕುರಿ ಮ್ಯಾಲೆ ಆಸೆ ಐತಲ್ಲ! ಭೇಷ್!"

ಮರುದಿನ ಇಂಗ್ಲಿಷ್ ಪಾಠದ ನಡುವೆ ನಾಗಕ್ಕ ಒಂದು ದಪ್ಪ ಕುರಿಯನ್ನು ಎಳೆದುಕೊಂಡು ಕ್ಲಾಸಿನೊಳಕ್ಕೇ ಬಂದಳು.

"ತಗಳವ್ವ ಮಿಸ್ಸಮ್ಮಾ. ಸಂಘದ ಲೋನು, ನಿಧಾನಕ್ಕೆ ಕಟ್ಟು. ಮುಂದಿನ್ ತಿಂಗ್ಳು ಮರಿ ಹಾಕ್ತದೆ."

"ನನಗಾ?" ಮಿಸ್ ಕೈಯಲ್ಲಿದ್ದ ಸೀಮೆಸುಣ್ಣ ಕೆಳಗೆ ಬಿತ್ತು.

ಅಷ್ಟರಲ್ಲಿ ಕುರಿ ಗೋಡೆಯ ಎ-ಬಿ-ಸಿ ಚಾರ್ಟಿನಿಂದ ಆಪಲ್ಲನ್ನೂ ಬಾಲನ್ನೂ ತಿಂದು ಮುಗಿಸಿ ಕ್ಯಾಟಿಗೆ ಬಾಯಿ ಹಾಕಿತ್ತು.

"ನೀನೇ ಕುರಿ ಬೇಕು ಅಂದ್ಯಂತೆ? ನನ್ ಮೊಮ್ಮಗ್ಳು ಅಂದ್ಲು!"

ಎಲ್ಲರೂ ಚಿತ್ರಾಳ ಕಡೆ ತಿರುಗಿದರು. ಜಯರಾಮು ಪುಸ್ತಕದಲ್ಲಿ ಮುಖ ಮುಚ್ಚಿಕೊಂಡ. ಚಿತ್ರಾ ನಿಧಾನವಾಗಿ ಎದ್ದು ನಿಂತಳು. ಅಳು ಬಂದೇಬಿಟ್ಟಿತು.

"ಸಾಲ ಇದ್ರೆ ನೀವು ಇಲ್ಲೇ ಇರ್ತೀರ ಅಂತ, ಮಿಸ್."

ಮಿಸ್ ಚಿತ್ರಾಳನ್ನು ನೋಡಿದರು, ಕುರಿಯನ್ನು ನೋಡಿದರು. ಆಮೇಲೆ ನಕ್ಕರು. ಮೇಜು ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾಗಕ್ಕನೂ ನಕ್ಕಳು. ಕುರಿ "ಬ್ಯಾ" ಎಂದಿತು. ಮಿಸ್ ಕಣ್ಣೊರೆಸಿಕೊಂಡು ಚಿತ್ರಾಳನ್ನು ಕೂರಿಸಿ, ತಾವೂ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ನಾನು ಬಂದಿದ್ದು ಲೋನಿಗೋಸ್ಕರಾನೇ, ಸುಳ್ಳು ಯಾಕೆ ಹೇಳ್ಲಿ? ಮೊದಲನೇ ವಾರ ಬಂಡೆ ಮೇಲೆ ನಿಂತು ಅಮ್ಮನ ಹತ್ರ ಅತ್ತಿದ್ದೆ. ನೀವೆಲ್ಲ ಕೇಳಿಸ್ಕೊಂಡಿರ್ತೀರ."

"ಹೂಂ ಮಿಸ್," ಎಂದಿತು ಇಡೀ ಕ್ಲಾಸು.

"ಈಗ ನಿಮ್ಮನ್ನೆಲ್ಲ ಬಿಟ್ಟು ಹೋಗ್ಬೇಕಾ ಅಂತಾನೂ ಅನ್ಸುತ್ತೆ. ಏನ್ ಮಾಡ್ತೀನೋ ನನಗೇ ಗೊತ್ತಿಲ್ಲ. ಆದ್ರೆ ಸಾಲ ತಲೆ ಮೇಲಿದ್ರೆ ನಿದ್ದೇಲೂ ಬ್ಯಾಂಕಿನೋರು ಬರ್ತಾರೆ ಕಣೇ. ಅದೊಂದು ಮೊದಲು ತೀರ್ಲಿ."

ಚಿತ್ರಾಳಿಗೆ ಅಪ್ಪ ಕ್ಯಾತಣ್ಣ ನೆನಪಾದ. ಕುರಿಸಾಲ ತೀರಿದ ದಿನ ಅಪ್ಪ ಶಿರಾದಿಂದ ಮಿಕ್ಸ್ಚರ್ ಪೊಟ್ಟಣ ತಂದು, ಅಂಗಳದಲ್ಲೆಲ್ಲ ಸೀಟಿ ಹೊಡೆಯುತ್ತಾ ಓಡಾಡಿದ್ದ. ಅಪ್ಪನಿಗೆ ಸೀಟಿ ಹೊಡೆಯಲು ಬರುತ್ತದೆ ಎಂದು ಅವಳಿಗೆ ಗೊತ್ತಾಗಿದ್ದೇ ಅವತ್ತು.

ಅವಳು ಮಿಸ್ ಮುಖವನ್ನೇ ನೋಡುತ್ತಾ ಕೂತಳು.

"ತಂದಿದ್ದು ನಾನು, ವಾಪಸ್ ಹೊಡ್ಕೊಂಡ್ ಬರಾದು ನೀನು," ಎಂದು ಮೊಮ್ಮಗಳಿಗೆ ಹೇಳಿ ನಾಗಕ್ಕ ಕುರಿಯನ್ನು ಬೇವಿನ ಮರಕ್ಕೆ ಕಟ್ಟಿ ಹೋದಳು.

ಸಂಜೆ ಚಿತ್ರಾ ಕುರಿಯ ಹಗ್ಗ ಹಿಡಿದು ಹೊರಟಳು. ಜಯರಾಮು ಹಿಂದಿನಿಂದ ತಳ್ಳುತ್ತಾ ಬಂದ.

"ಕುರಿ ಆಗ್ಲಿಲ್ಲ. ಸ್ಕೂಟಿ ಲೋನ್ ಕೊಡ್ಸಾನಾ? ನಮ್ಮಾವಂಗೆ ಶೋರೂಮಲ್ಲಿ ಗೊತ್ತಿರೋರು ಅವ್ರೆ."

ಚಿತ್ರಾ ಹಗ್ಗವನ್ನು ಕೈಗೆ ಸುತ್ತಿಕೊಂಡಳು.

"ಬ್ಯಾಡ ಬುಡೋ."

"ಲೋನ್ ತೀರಿದ್ರೆ ಹೋಗ್ಬುಡ್ತಾರೆ ಕಣೆ!"

"ಗೊತ್ತು ಕಣೋ," ಎಂದಳು ಚಿತ್ರಾ. "ಆದ್ರೂ ಬೇಗ್ನೆ ತೀರ್ಲಿ."