ಹಸಿರಾದ ಮೋಡಗಳು

ಮಂಗಳವಾರ ಬೆಳಿಗ್ಗೆ 10.20ಕ್ಕೆ ನಿವೃತ್ತ ಡ್ರಾಯಿಂಗ್ ಟೀಚರ್ ಒಬ್ಬರು ಮನೆಗೆಲಸದವಳ ತೋಳು ಹಿಡಿದು ಠಾಣೆಗೆ ಬಂದರು. ಒಂಬತ್ತು ವರ್ಷದಿಂದ ಅವರಿಗೆ ಕಣ್ಣು ಕಾಣುವುದಿಲ್ಲ. ಅವರು ಬರೆದ ಹನ್ನೆರಡು ಚಿತ್ರಗಳು ಕಳುವಾಗಿದ್ದವು.

"ಯಾವಾಗ ಗೊತ್ತಾಯ್ತು?" ಇನ್ಸ್‌ಪೆಕ್ಟರ್ ಕೇಳಿದರು.

"ನಿನ್ನೆ. ಇವಳು ಹೊಸಬಳು. ಧೂಳು ಒರೆಸ್ತಾ, 'ಅಮ್ಮಾ, ಹಳೇ ಕ್ಯಾಲೆಂಡರ್ ಹಾಳೆಗೆಲ್ಲ ಯಾಕೆ ಫ್ರೇಮ್ ಹಾಕ್ಸಿದೀರಾ' ಅಂದಳು. ನಾನು ದಿನಾ ಆ ಫ್ರೇಮುಗಳನ್ನ ಮುಟ್ಟಿ ನೋಡ್ತಿದ್ದೆ ಸಾರ್, ನನ್ನ ಚಿತ್ರ ಅಂತ."

ದೂರು ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್‌ಗೆ ಠಾಣೆಯಲ್ಲಿ ಮೌನಿಬಾಬಾ ಎಂದು ಹೆಸರು. ಅವನೂ ಬಾಯಿಬಿಟ್ಟ. "ಎಂಥಾ ಮನೆಹಾಳ!"

"ಮನೇಲಿ ಬೇರೆ ಯಾರಿದ್ದಾರೆ?"

"ತಂಗಿ ಮಗ. ಮೂರು ದಿನದಿಂದ ಬಂದಿಲ್ಲ. ಯಾವುದೋ ಪ್ರದರ್ಶನದ ಕೆಲಸವಂತೆ."

"ಚಿತ್ರದ ಗುರುತು?"

"ಬಂದರು, ದೋಣಿ, ಮೇಲೆ ಮೋಡ. ಮೋಡ ಕಡುನೀಲಿ ಬೆರೆತ ಬೂದು."

ಎಫ್‌ಐಆರ್ ದಾಖಲಾಯಿತು. ಪ್ರದರ್ಶನ ಹುಡುಕುವುದು ಕಷ್ಟವಾಗಲಿಲ್ಲ. ಪುರಸಭೆಯ ಸಭಾಂಗಣದಲ್ಲಿ ಹನ್ನೆರಡು ಬಂದರುಗಳು ತೂಗುತ್ತಿದ್ದವು. ಪ್ರತಿಯೊಂದರ ಕೆಳಗೂ ತಂಗಿ ಮಗನ ಹೆಸರು. ಆದರೆ ಮೋಡ ಬೂದು ಇರಲಿಲ್ಲ. ಪಾಚಿ ಕಟ್ಟಿದ ನೀರಿನಂತೆ ಹಸಿರು ಹಸಿರಾಗಿತ್ತು.

"ನೋಡಿ ಸಾರ್, ನೀವೇ ಓದಿದ ದೂರಲ್ಲಿ ದೊಡ್ಡಮ್ಮನ ಮೋಡ ಬೂದಂತೆ. ಇವೆಲ್ಲ ನಾನೇ ಈ ವರ್ಷ ಬರೆದದ್ದು," ಎಂದ ತಂಗಿ ಮಗ. "ಪಾಪ, ಅವರಿಗೂ ವಯಸ್ಸಾಯ್ತು."

ಆ 'ಪಾಪ' ಕೇಳಿ ಇನ್ಸ್‌ಪೆಕ್ಟರಿಗೆ ಮೈಯೆಲ್ಲ ಉರಿಯಿತು. ಆದರೂ ದೂರಿನಲ್ಲಿದ್ದ ಗುರುತಿಗೂ ಗೋಡೆಯ ಮೇಲಿದ್ದುದಕ್ಕೂ ತಾಳೆಯಾಗದೆ ಬರಿಗೈಯಲ್ಲಿ ಟೀಚರ್ ಮನೆಗೆ ಹೋದರು.

"ಹಸಿರಾ?" ಟೀಚರ್ ಕುರ್ಚಿಯ ತೋಳು ಗಟ್ಟಿಯಾಗಿ ಹಿಡಿದುಕೊಂಡರು. "ಈ ಗೋಡೆ ಮೇಲೆ ಬಿಸಿಲು ಬೀಳುತ್ತಾ?"

"ಕಿಟಕಿ ಎದುರಿಗೇ ಇದೆ."

"ಅಯ್ಯೋ! ಕಣ್ಣು ಹೋದ ಮೇಲೆ ಈ ಮನೆಗೆ ಬಂದದ್ದು. ಚಿತ್ರ ತೂಗುಹಾಕಿದವನು ಅವನೇ. ಕಪ್ಪು ಹಾಕಿದ್ರೆ ಮೋಡ ಸತ್ತುಹೋಗುತ್ತೆ ಅಂತ ಇನ್ನೂರು ವರ್ಷದ ಹಿಂದೆ ನೀರುಬಣ್ಣದ ಮೇಷ್ಟ್ರೊಬ್ಬರು ಕಂಡುಕೊಂಡ ಬಣ್ಣ ನನ್ನ ಆ ಬೂದು. ನೀಲಿ, ಕಾವಿಹಳದಿ, ಕಡುಗೆಂಪು, ಮೂರೇ. ಈಗಿನ ಟ್ಯೂಬಲ್ಲಿ ಕಪ್ಪೇ ತುಂಬ್ತಾರೆ. ನಾನು ಹಳೇ ರೀತೀಲೇ ಬೆರೆಸ್ತಿದ್ದೆ. ಆದ್ರೆ ಬಿಸಿಲಿಗೆ ಮೊದಲು ಹೋಗೋದು ಕೆಂಪು. ಉಳಿದ ನೀಲಿ, ಹಳದಿ ಸೇರಿ ಇನ್ನೇನಾಗುತ್ತೆ? ಚಿತ್ರದ ಅಂಚಿಗೆ ನಾನು ಅಂಟಿಸಿದ್ದ ರಟ್ಟು ಎತ್ತಿ ನೋಡಿ. ಅದರಡಿ ಬಿಸಿಲು ಹೋಗಿರಲ್ಲ."

ಸಂಜೆ 5.40ಕ್ಕೆ ಸಭಾಂಗಣದ ಕಾವಲುಗಾರ ಮತ್ತು ಜೆರಾಕ್ಸ್ ಅಂಗಡಿಯವನ ಸಮಕ್ಷಮದಲ್ಲಿ ಪಂಚನಾಮೆ ಆಯಿತು. ಮೌನಿಬಾಬಾ ಫ್ರೇಮ್ ಬಿಚ್ಚಿ ರಟ್ಟು ಎತ್ತಿದ. ಅಂಚಿನಲ್ಲಿ ಒಂದು ಬೆರಳಗಲ, ಕಡುನೀಲಿ ಬೆರೆತ ಬೂದು ಮೊನ್ನೆ ಬರೆದಂತೆ ಇತ್ತು. ಹನ್ನೆರಡರಲ್ಲೂ ಅಷ್ಟೇ.

"ಈ ವರ್ಷದ ಚಿತ್ರ ಇಷ್ಟು ಬೇಗ ಬಣ್ಣ ಬಿಡ್ತಾ?" ಇನ್ಸ್‌ಪೆಕ್ಟರ್ ತಂಗಿ ಮಗನ ಕಡೆ ತಿರುಗಿದರು.

"ಅಂಚಿಗೆ ನಾನೇ ಬೇರೆ ಬಣ್ಣ ಹಾಕಿದ್ದೆ."

ಸಭಾಂಗಣದಲ್ಲಿ ಮಕ್ಕಳ ಸ್ಪರ್ಧೆಗೆಂದು ತಂದಿಟ್ಟ ಬಣ್ಣದ ಪೆಟ್ಟಿಗೆಯನ್ನು ಇನ್ಸ್‌ಪೆಕ್ಟರ್ ಅವನ ಮುಂದೆ ನೂಕಿದರು. "ಆ ಬಣ್ಣ ಬೆರೆಸಿ ತೋರಿಸು."

ಅವನ ಕೈ ನೇರವಾಗಿ ಕಪ್ಪಿನ ಟ್ಯೂಬಿಗೆ ಹೋಯಿತು. ಎಷ್ಟು ಬೆರೆಸಿದರೂ ಮಸಿಯೇ ಆಯಿತು. 6.15ಕ್ಕೆ ಬಂಧಿಸಿದರು.

ಹೇಳಿಕೆಯಲ್ಲಿ ಅವನೆಂದ: "ಅವರಿಗೆ ಹೇಗೂ ಕಾಣಲ್ಲ, ಯಾರಿಗೆ ಏನು ನಷ್ಟ? ಹುಟ್ಟಿದಾಗಿಂದ ನನ್ನನ್ನ ಯಾರೂ ಏನೂ ಕೇಳಿರಲಿಲ್ಲ. ಉದ್ಘಾಟನೆ ದಿನ ಜನ ಸುತ್ತ ನಿಂತು, ಹೇಗೆ ಬರೆದಿರಿ ಅಂತ ಕೇಳಿದ್ರು." ಇನ್ಸ್‌ಪೆಕ್ಟರ್ ಅದನ್ನೂ ಬರೆಸಿಕೊಂಡರು. ಕನಿಕರವೇನೂ ಹುಟ್ಟಲಿಲ್ಲ. ಕುರುಡಿಯ ಬೆರಳಿಗೆ ದಿನವೂ ಸುಳ್ಳು ಹೇಳಿದವನಿಗೆ ಕನಿಕರ ಯಾಕೆ?

ಮರುದಿನ ಟೀಚರ್ ಠಾಣೆಗೆ ಬಂದು ಅವನ ಎದುರು ಕೂತರು. ಕಳವಿನ ಮಾತೆತ್ತಲಿಲ್ಲ.

"ಮೋಡ ಹಸಿರಾಗ್ತಿದೆ ಅಂತ ಒಂದು ಮಾತು ಹೇಳಿದ್ರೆ ಬಿಸಿಲಿಂದ ತೆಗೆಸ್ತಿದ್ದೆನಲ್ಲೋ. ಯಾಕೆ ಹೇಳಲಿಲ್ಲ?"

ಅವನು ನಿಜಕ್ಕೂ ಕಕ್ಕಾಬಿಕ್ಕಿಯಾದ.

"ಅದು ಮೊದಲಿಂದಲೂ ಹಸಿರೇ ಅಂದ್ಕೊಂಡಿದ್ದೆನಲ್ಲ, ದೊಡ್ಡಮ್ಮ?"