ಕಿತ್ತ ಕರಿಕೆ

"ಹುಲ್ಲು ಯಾರು ಕಿತ್ತಿದ್ದು?"

ರಾಮಲಿಂಗ ಮೆಲ್ಲಗೆ ಕೇಳಿದ. ಆದರೂ ಮಕ್ಕಳೆಲ್ಲ ತಲೆ ತಗ್ಗಿಸಿದರು. ಚಿಂಚೋಳಿ ಗುಡ್ಡದ ಕೆಳಗೆ, ಶಾಲೆಯ ಹೊಲದಲ್ಲಿ, ಬೇಸಿಗೆಯಿಡೀ ಅವರು ಬುಟ್ಟಿ ಹೊತ್ತು ಹಾಕಿದ ಒಡ್ಡು ನಿನ್ನೆಯ ಮಳೆಗೆ ಒಡೆದಿತ್ತು. ಕೆಂಪು ನೀರು ಇನ್ನೂ ಹಳ್ಳಕ್ಕೆ ಇಳಿಯುತ್ತಿತ್ತು.

"ನಾನೇ ಕೀಳಿಸೀನ್ರಿ," ಎಂದಳು ಅನಸುಬಾಯಿ ಟೀಚರ್.

ಸಾಹೇಬರು ಬರುತ್ತಾರೆಂದರೆ ಹುಲ್ಲು ಕಿತ್ತು ಕಲ್ಲಿಗೆ ಸುಣ್ಣ ಬಳಿಯುವುದು ಆ ಶಾಲೆಯ ರೂಢಿ. ಒಡ್ಡಿನ ಮಣ್ಣು ಹಿಡಿಯಲೆಂದು ರಾಮಲಿಂಗ ಮಕ್ಕಳಿಂದ ನೆಡಿಸಿದ್ದ ಕರಿಕೆ ಹುಲ್ಲೂ ಅದರಲ್ಲಿ ಹೋಗಿತ್ತು.

"ಯಾವ ಸಾಹೇಬ್ರು ಬರೋರಿದ್ರು?"

"ನೀವೇ ರೀ."

ಭೂಸಂರಕ್ಷಣೆ ಇಲಾಖೆಯ ಸಣ್ಣ ನೌಕರ ಅವನು. ಈವರೆಗೆ ಯಾರೂ ಅವನನ್ನು ಸಾಹೇಬ ಅಂದಿರಲಿಲ್ಲ.

"ಟೀಚರ್ ಬಾಯಾರು ಮೊನ್ನೆ ಹೊಸ ಸೀರಿ ಭೀ ಉಟ್ಟಿದ್ರು ಸರ್, ನೀವೇ ಬರ್ಲಿಲ್ಲ!"

"ಸುಮ್ಮಿರು ಸಾಬಮ್ಮ!" ಟೀಚರ್ ಆ ಹುಡುಗಿಯನ್ನು ಗದರಿದಳು. ಕೆನ್ನೆ ಮಾತ್ರ ಗದರಲಿಲ್ಲ, ಕೆಂಪಾಯಿತು.

ಮಕ್ಕಳು ಕಲ್ಲು ತಂದರು, ಬದುವಿನಿಂದ ಕರಿಕೆ ತಂದರು. ಒಡೆದಲ್ಲಿ ಮಣ್ಣು ತುಂಬಿ ರಾಮಲಿಂಗ, ಟೀಚರ್ ಇಬ್ಬರೂ ಅಕ್ಕಪಕ್ಕ ಕೂತು ನೆಡತೊಡಗಿದರು.

"ಇದು ಬೇರು ಬಿಡೋದ್ರಾಗ ನಾ ಇಲ್ಲಿ ಇರಂಗಿಲ್ಲ," ಎಂದಳು ಅವಳು, ತಲೆಯೆತ್ತದೆ. "ನಮ್ಮೂರು ವಾಡ್ಯಾಗ ಅಪ್ಪ ಗಂಡು ನೋಡ್ಯಾನ. ಇವತ್ತಿನ ಬಸ್ಸಿಗೆ ಹೊಂಟೀನಿ. ನಾಳೆ ಮಾತು ಮುಗಿಸ್ತಾರ."

ಅವನು ಮಣ್ಣು ಒತ್ತುತ್ತಲೇ ಇದ್ದ. ಅವರಿಬ್ಬರ ನಡುವೆ ಆದದ್ದೆಲ್ಲ ಮಾತಿಲ್ಲದೆ ಆದದ್ದು. ಒಂದೇ ಬುಟ್ಟಿಯನ್ನು ಎರಡು ಕಡೆ ಹಿಡಿದದ್ದು, ಬಿಸಿಲಿಗೆ ಕಣ್ಣು ಕಿರಿದು ಮಾಡುವ ನೆಪದಲ್ಲಿ ನೋಡಿದ್ದು.

"ಹೋಗಬ್ಯಾಡ್ರಿ," ಎಂದ ಕೊನೆಗೆ.

"ನಿಮ್ಮವ್ವ ನನ್ನ ಕೈಯಾಗಿನ ನೀರು ಕುಡೀತಾರೇನು?"

"ಇಲ್ಲ." ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಇನ್ನೊಂದು ಬೇರನ್ನು ಮಣ್ಣಿಗೆ ಊರಿ, "ನಾ ಕುಡೀತೀನಿ," ಎಂದ.

"ನೀವು ಕುಡದ್ರ ಊರು ಸುಮ್ಮಿರ್ತದೇನ್ರಿ? ನಮ್ಮಪ್ಪ ಒಪ್ತಾನೇನು?"

"ಗೊತ್ತಿಲ್ಲ. ಕೇಳ್ತೀನಿ."

"ಯಾವಾಗ?"

ಗುಡ್ಡದ ತಿರುವಿನಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಅವನು ಕೆಸರು ಮೆತ್ತಿದ ಬಟ್ಟೆಯಲ್ಲೇ ಎದ್ದು ನಿಂತ.

"ಈ ರಾಡಿ ಅರಿವ್ಯಾಗೇನ್ರಿ!" ನಗಲು ಹೋಗಿ ಅವಳಿಗೆ ಅಳು ಬಂತು.

ಕರಿಕೆಗೆ ಕೈ ಹಚ್ಚಬ್ಯಾಡ್ರಿ ಎಂದು ಮಕ್ಕಳಿಗೆ ಹೇಳಿ ಇಬ್ಬರೂ ಬಸ್ಸು ಹತ್ತಿದರು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ ಕೂತಳು. ಅವನು ಹಿಂದೆ, ಜೋಳದ ಚೀಲಗಳ ನಡುವೆ ನಿಂತ. ಮತ್ತೆ ಮಳೆ ಹಿಡಿಯಿತು. ವಾಡಿಯಲ್ಲಿ ಬಾಗಿಲು ತೆಗೆಯುತ್ತಾರೋ, ಬಡಿಗೆ ತೆಗೆಯುತ್ತಾರೋ, ಇಬ್ಬರಿಗೂ ತಿಳಿದಿರಲಿಲ್ಲ.

ಕಾಳಗಿಯಲ್ಲಿ ಬಸ್ಸು ನಿಂತಿತು. ಇಳಿಯುವವರೆಲ್ಲ ಇಳಿದರು. ಬಸ್ಸು ಹೊರಟ ಮೇಲೆ ಅವಳು ಮೊದಲ ಸಲ ತಿರುಗಿ ನೋಡಿದಳು, ಅವನಿದ್ದಾನೆಯೇ ಎಂದು.

ಇದ್ದ.