ಟ್ಯಾಂಕಿನ ಮೇಲೆ ಎರಡು ನಕ್ಷತ್ರ

"ಗಾಡಿ ನಿಮ್ಮದೇ ಅನ್ನೋದಕ್ಕೆ ಏನ್ರೀ ಪ್ರೂಫು?" ಠಾಣೆಯ ಪೊಲೀಸಪ್ಪ ಮತ್ತೆ ಅದನ್ನೇ ಕೇಳಿದರು.

"ದಿನಾ ನಾನೇ ಓಡಿಸ್ತೀನಲ್ಲ ಸಾರ್," ಅಂದ ಅಪ್ಪ.

"ಕದ್ದವನೂ ಓಡಿಸ್ತಾನೆ."

ಪುಟ್ಟಿಗೆ ರೇಗಿಹೋಯಿತು. ಸ್ಕೂಲಿಗೆ ಹೊರಟವರನ್ನು ದಾರಿಯಲ್ಲೇ ಹಿಡಿದು ತಂದು ಕೂರಿಸಿದ್ದರು.

"ಅಂಕಲ್, ಅದನ್ನ ಬಲಕ್ಕೆ ವಾಲಿಸಿ ಕಿಕ್ ಹೊಡೆದ್ರೆ ಮಾತ್ರ ಸ್ಟಾರ್ಟ್ ಆಗೋದು. ಟ್ಯಾಂಕಿನ ಎರಡೂ ಕಡೆ ಬಣ್ಣ ಹೋಗಿದೆ. ಅಲ್ಲಿ ನಕ್ಷತ್ರದ ಸ್ಟಿಕರ್ ಅಂಟಿಸಿದ್ದೇ ನಾನು!"

"ಅದರ ಗುಣ ಸ್ವಭಾವ ಕಟ್ಕೊಂಡು ನನಗೇನಾಗ್ಬೇಕು ತಾಯಿ? ನಾನೇನು ಅದರ ಜೊತೆ ಸಂಬಂಧ ಬೆಳೆಸ್ಬೇಕಾ? ಆರ್‌ಸಿ ಕೊಡಿ. ಇಲ್ಲಾಂದ್ರೆ ಮಾರಿದವರನ್ನ ಕರೆಸಿ. ಅಲ್ಲೀವರೆಗೂ ಗಾಡಿ ಇಲ್ಲೇ."

ಅಜ್ಜಿಯ ಕತೆಯಲ್ಲಿ ರಾಕ್ಷಸನ ಜೀವ ಎಲ್ಲೋ ಒಂದು ಗಿಳಿಯಲ್ಲಿರುತ್ತಿತ್ತು. ಈ ಗಾಡಿಯ ಜೀವ ಎಲ್ಲೋ ಕಳೆದುಹೋದ ಒಂದು ಕಾಗದದಲ್ಲಿತ್ತು!

ಅಪ್ಪ ನಲ್ಲಿ ರಿಪೇರಿಯವನು. ಗಾಡಿ ಇಲ್ಲದಿದ್ದರೆ ಕೆಲಸವೇ ಇಲ್ಲ. ಪೈಪು, ಸ್ಪ್ಯಾನರು ಹೊತ್ತು ಊರೆಲ್ಲ ನಡೆಯಲಾದೀತೆ? ಫೋನ್ ಬೇರೆ ಬಡಿದುಕೊಳ್ಳುತ್ತಿತ್ತು.

"ಅಡುಗೆಮನೆ ಕೆರೆಯಾಗಿದೆ, ಎಲ್ಲಿದೀರಿ?"

"ಬಂದೆ ಅಕ್ಕಾ, ದಾರೀಲಿದೀನಿ!"

ಗಾಡಿ ಮಾರಿದ ಟೈಲರ್ ಕೂಡ ಬೆಳಗಿನಿಂದ ಅಪ್ಪನಿಗೆ ಫೋನಿನಲ್ಲಿ ಅದೇ 'ದಾರೀಲಿದೀನಿ' ಹೇಳುತ್ತಿದ್ದರು.

ಕೊನೆಗೂ ಬಂದರು, ಮಗನ ಕೈ ಹಿಡಿದುಕೊಂಡು. "ಮನೆ ಖಾಲಿ ಮಾಡುವಾಗ ಆರ್‌ಸಿ ಎಲ್ಲೋ ಹೋಯ್ತು ಸಾರ್. ಇವರಿಗೆ ಮಾರಿದ್ದು ನಾನೇ. ಎಲ್ಲಿ ಬೇಕಾದ್ರೂ ಸೈನ್ ಹಾಕ್ತೀನಿ."

"ಇದನ್ನ ಮೊದಲೇ ಬಂದು ಹೇಳೋಕೇನಾಗಿತ್ತು ನಿಮಗೆ? ಡೂಪ್ಲಿಕೇಟ್ ಮಾಡಿಸ್ಕೊಳ್ಳಿ," ಎಂದು ಗೊಣಗುತ್ತಾ ಪೊಲೀಸಪ್ಪ ಕೀ ತಳ್ಳಿದರು.

ಪುಟ್ಟಿ ಕೀ ಕಸಿದುಕೊಂಡು ಅಂಗಳಕ್ಕೆ ಓಡಿದಳು. ನೋಡಿದರೆ, ಟೈಲರ್ ಮಗ ಆಗಲೇ ಗಾಡಿ ಹತ್ತಿ ಟ್ಯಾಂಕ್ ತಬ್ಬಿಕೊಂಡು ಕೂತಿದ್ದ!

"ಏಯ್, ಇಳಿಯೋ!"

"ಇಳಿಯಲ್ಲ. ಇದು ನಮ್ಮ ಗಾಡಿ."

ಬೆಳಗಿನಿಂದ ಇದೇ ಆಯಿತಲ್ಲ! 'ನಮ್ಮದು!' ಎಂದು ಕಿರುಚಲು ಪುಟ್ಟಿ ಬಾಯಿ ತೆರೆದಳು. ಆಗ ನಕ್ಷತ್ರಗಳು ಕಾಣಿಸಲಿಲ್ಲ. ಅವನ ಎರಡು ಪುಟ್ಟ ಮಂಡಿಗಳು ಅವುಗಳ ಮೇಲೆ, ಬಣ್ಣ ಹೋದ ಜಾಗದಲ್ಲೇ, ಅಳತೆ ತೆಗೆದಂತೆ ಕೂತಿದ್ದವು.

ಅವಳ ಬಾಯಿ ತಾನಾಗಿ ಮುಚ್ಚಿತು. ಆ ಬಣ್ಣ ಸವೆಸಿದ್ದು ಯಾರ ಮಂಡಿ ಅಂತ ಈಗ ಗೊತ್ತಾಯಿತು. ಆಮೇಲೆ ಕೀ ಹಾಕಿ ತಿರುಗಿಸಿದಳು.

"ಹಾರ್ನ್ ಹೊಡೀತೀಯಾ?"

ಅವಳು ಕೇಳಿದ್ದೇ ತಡ, ಅವನು ಒತ್ತಿದ. ಠಾಣೆಯ ಕಿಟಕಿಯೇ ನಡುಗಿತು.

"ಯಾರದ್ರೀ ಆ ಗಾಡಿ?" ಒಳಗಿನಿಂದ ಪೊಲೀಸಪ್ಪ ಗುಡುಗಿದರು.

ಪುಟ್ಟಿ ಅವನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಇನ್ನೊಮ್ಮೆ ಹಾರ್ನ್ ಒತ್ತಿದಳು.